ಹಲ್ಲು ನೋಡದ ಆಯ್ಕೆ ಸಮಿತಿ

ತಮಿಳುನಾಡಿನ ಧರ್ಮಪುರಿ ಸೀಮೆಯ ಕಾರಿಮಂಗಲಂ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಹೆಗಲು ತಡವಿ ನೊಗದ ಗಾಯ ಇದೆಯೇ ಎಂದು ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಸಮಾಧಾನವಾಗದಿದ್ದರೆ ಮತ್ತೆ ನಡೆಸುತ್ತಾನೆ. ಇಷ್ಟೆಲ್ಲ ಆದಮೇಲೆ ಬೆಲೆ ಕುದುರಿಸಲು ಟವೆಲಿನ ಅಡಿಯಲ್ಲಿ ಕೈ ಹಾಕಿ ದಲ್ಲಾಳಿಯ ಬೆರಳು ಹಿಡಿಯುತ್ತಾನೆ.

ಊರ ಪಕ್ಕದಲ್ಲೇ 44ನೇ ರಾಷ್ಟ್ರೀಯ ಹೆದ್ದಾರಿ. ಕೃಷ್ಣಗಿರಿಯಿಂದ ಸೇಲಂವರೆಗೆ ಅದರ ಎರಡೂ ಬದಿಗೆ ಕಾಲೇಜುಗಳು. ಜೂನ್, ಜುಲೈ ಬಂತೆಂದರೆ ಅಲ್ಲಿ ಹೊಸ ಫುಟ್‌ಬಾಲ್ ಆಟಗಾರರ ಆಯ್ಕೆ. ಆಯ್ಕೆ ಸಮಿತಿಯವರು ಆ ರೈತನಷ್ಟು ಕಷ್ಟಪಡುವವರಲ್ಲ. ಅವರು ಬಿಡಿಸುವುದು ಫೈಲನ್ನು ಮಾತ್ರ.

ಎತ್ತಿಗೆ ರೈತನ ಸ್ವಂತ ದುಡ್ಡು ಹೋಗುತ್ತದೆ. ಹುಡುಗನಿಗೆ ಸಮಿತಿಯಲ್ಲಿ ಯಾರ ದುಡ್ಡೂ ಹೋಗುವುದಿಲ್ಲ. ಶ್ರದ್ಧೆಯ ವ್ಯತ್ಯಾಸ ಹುಟ್ಟುವುದು ಇಲ್ಲೇ.

ಆಯ್ಕೆ ಹೇಗೆ ನಡೆಯುತ್ತದೆಂದು ನೋಡದವರಿಗೆ ಹೇಳಬೇಕು. ನೋಡಿದವರು ಮುಂದಿನ ಮೂರ್ನಾಲ್ಕು ಪ್ಯಾರಾ ಹಾರಿಸಿ ಓದಬಹುದು. ಬಿ.ಪಿ.ಗೆ ಒಳ್ಳೆಯದು.

ಹುಡುಗರು ಬೆಳಿಗ್ಗೆ ಏಳಕ್ಕೆ ಬಂದಿರಬೇಕು. ಸಮಿತಿ ಒಂಬತ್ತೂವರೆಗೆ ಬರುತ್ತದೆ. ಮುಖ್ಯ ಅತಿಥಿ ಹತ್ತಕ್ಕೆ. ಅವರು ಚೆಂಡು ಒದೆಯುತ್ತಾರೆ. ಫೋಟೋ. ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಒದೆಯುತ್ತಾರೆ. ಅಷ್ಟರಲ್ಲಿ ಧರ್ಮಪುರಿ ಸೀಮೆಯ ಬಿಸಿಲು ನೆತ್ತಿ ಸುಡತೊಡಗಿರುತ್ತದೆ. ಪಾಪ್ಪಾರಪಟ್ಟಿಯಿಂದ, ಪಾಲಕ್ಕೋಡಿನಿಂದ, ಪೆನ್ನಾಗರಂನಿಂದ ಮೊದಲ ಬಸ್ಸು ಹಿಡಿದು ಬಂದ ಹುಡುಗರು ಖಾಲಿ ಹೊಟ್ಟೆಯಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಅತಿಥಿಗೆ ಶಾಲು, ಹಾರ, ಗೋಡಂಬಿ. ಹುಡುಗರಿಗೆ ಉಪದೇಶ: ‘ಆಟಗಾರನಿಗೆ ಆಹಾರ ಮುಖ್ಯ.’

ಆಮೇಲೆ ಹನ್ನೆರಡು ನಿಮಿಷದ ಓಟ. ಇದನ್ನು 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯ ಅಮೆರಿಕದ ಸೈನಿಕರ ದಮ್ಮು ಅಳೆಯಲು ರೂಪಿಸಿದ. ಇದರಲ್ಲಿ ಚೆಂಡೇ ಇಲ್ಲ. ಎದುರಾಳಿ ಇಲ್ಲ. ತಿರುಗುವುದಿಲ್ಲ, ನಿಲ್ಲುವುದಿಲ್ಲ, ಯೋಚಿಸುವುದಿಲ್ಲ. ಫುಟ್‌ಬಾಲ್ ಆಟಗಾರ ಪಂದ್ಯದಲ್ಲಿ ಎಂದೂ ಓಡದ ಓಟ ಇದು. ಆದರೆ ಸಮಿತಿಗೆ ಪ್ರಿಯ. ಯಾಕೆಂದರೆ ಇದನ್ನು ನೋಡಬೇಕಾಗಿಲ್ಲ. ಸ್ಟಾಪ್‌ವಾಚು ಹಿಡಿದವನೊಬ್ಬ ಇದ್ದರೆ ಸಾಕು. ಉಳಿದವರು ನೆರಳಲ್ಲಿ ಕೂತು ಕಾಫಿ ಕುಡಿಯಬಹುದು.

ಕೊನೆಗೆ ಆಟ. ಅರ್ಧ ಮೈದಾನ. ಒಂದೊಂದು ಕಡೆ ಇಪ್ಪತ್ತು ಜನ. ಹದಿನೈದು ನಿಮಿಷ. ಒಂದೇ ಚೆಂಡು. ಸಂತೆಯಲ್ಲಾದರೂ ಎತ್ತಿಗೆ ನಡೆಯಲು ಜಾಗ ಬಿಡುತ್ತಾರೆ. ಇಲ್ಲಿ ಅರ್ಧಕ್ಕರ್ಧ ಹುಡುಗರಿಗೆ ಚೆಂಡು ಮುಟ್ಟುವ ಭಾಗ್ಯವೇ ಇಲ್ಲ. ಮುಟ್ಟಿದವನು ಪಾಸ್ ಕೊಡುವುದಿಲ್ಲ. ಕೊಟ್ಟರೆ ತಾನು ಕಾಣುವುದಿಲ್ಲವೆಂದು ಅವನಿಗೆ ಗೊತ್ತು. ತಂಡದ ಆಟಕ್ಕೆ ಆರಿಸುವ ದಿನ ತಂಡವಾಗಿ ಆಡಿದವನು ಸೋಲುತ್ತಾನೆ. ಸ್ವಾರ್ಥಿ ಗೆಲ್ಲುತ್ತಾನೆ. ಮುಂದಿನ ವರ್ಷ ಇದೇ ಸಮಿತಿ ಗೊಣಗುತ್ತದೆ: ‘ನಮ್ಮ ಹುಡುಗರಲ್ಲಿ ಟೀಮ್ ಸ್ಪಿರಿಟ್ ಇಲ್ಲ.’

‘ಯಾವ ಪೊಸಿಷನ್ನೋ?’

‘ಲೆಫ್ಟ್ ಬ್ಯಾಕ್ ಸಾರ್.’

‘ಹೈಟ್ ಇದೆಯಲ್ಲ. ಗೋಲಿಗೆ ನಿಲ್ಲು.’

ಮುಗಿಯಿತು. ಒಂದು ಜೀವನದ ದಿಕ್ಕು ಬದಲಾಯಿತು. ಅದನ್ನು ಬದಲಿಸಿದವರು ಆಗಲೇ ಫೋನಿನಲ್ಲಿ ಬೇರೆ ಯಾರೊಡನೆಯೋ ಸೈಟಿನ ರೇಟು ಮಾತಾಡುತ್ತಿದ್ದಾರೆ.

ಎತ್ತರದ ಹುಚ್ಚು ಬೇರೆ ಇದೆ. ಅರ್ಜಿಯಲ್ಲಿ ಮೊದಲ ಕಾಲಂ ಅದೇ. ಕುಳ್ಳನಿಗೆ ‘ಮುಂದಿನ ವರ್ಷ ಬಾ’ ಎನ್ನುತ್ತಾರೆ, ಒಂದು ವರ್ಷದಲ್ಲಿ ಅವನು ತೆಂಗಿನ ಮರವಾಗಿಬಿಡುತ್ತಾನೆ ಎಂಬಂತೆ. 2018ರಲ್ಲಿ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಆಂಟೋನ್ ಗ್ರೀಜ್‌ಮನ್‌ನನ್ನು ಹುಡುಗನಾಗಿದ್ದಾಗ ಫ್ರಾನ್ಸಿನ ಕ್ಲಬ್ಬುಗಳು ಒಂದರ ಹಿಂದೊಂದು ವಾಪಸ್ ಕಳಿಸಿದ್ದವು. ಕಾರಣ, ಗಿಡ್ಡ. ಕೊನೆಗೆ ಗಡಿ ದಾಟಿ ಸ್ಪೇನಿನ ರಿಯಲ್ ಸೊಸಿಯೆಡಾಡ್ ಸೇರಿಕೊಂಡ. ಅದೇ ಫ್ರಾನ್ಸ್ ತಂಡದಲ್ಲಿದ್ದ ಎನ್‌ಗೊಲೊ ಕಾಂಟೆಯ ಎತ್ತರ 168 ಸೆಂಟಿಮೀಟರ್. ನಮ್ಮ ಸಮಿತಿಯ ಎದುರು ನಿಂತಿದ್ದರೆ ಈ ಇಬ್ಬರನ್ನೂ ಬಾಲ್ ಹೆಕ್ಕಲು ಹಚ್ಚುತ್ತಿದ್ದರು.

ಮೆಸ್ಸಿಯ ಕತೆ ಎಲ್ಲರಿಗೂ ಗೊತ್ತು. ಹದಿಮೂರರ ಹುಡುಗ, ಬೆಳವಣಿಗೆಯ ಹಾರ್ಮೋನಿನ ಕೊರತೆ. 2000ದ ಡಿಸೆಂಬರ್ 14ರಂದು ಬಾರ್ಸಿಲೋನಾ ಕ್ಲಬ್ಬಿನ ಕಾರ್ಲೆಸ್ ರೆಶಾಕ್ ಕೈ ಒರೆಸುವ ಕಾಗದದ ಮೇಲೆ ಅವನಿಗೆ ಒಪ್ಪಂದ ಬರೆದುಕೊಟ್ಟ. ಅಲ್ಲಿ ಕಾಗದಕ್ಕೆ ಬೆಲೆಯಿರಲಿಲ್ಲ, ಹುಡುಗನಿಗಿತ್ತು. ಇಲ್ಲಿ ಕಾಗದಕ್ಕೆ ಮೂರು ಪ್ರತಿ ಬೇಕು, ಗೆಜೆಟೆಡ್ ಅಧಿಕಾರಿಯ ಸಹಿ ಬೇಕು, ಮೂಲಪ್ರತಿಯನ್ನು ಪರಿಶೀಲನೆಗೆ ತರಬೇಕು. ಹುಡುಗ ಬಂದನೋ ಇಲ್ಲವೋ ಯಾರೂ ಕೇಳುವುದಿಲ್ಲ.

ಕಾಗದದ ಮಹಿಮೆ ಇನ್ನೂ ಇದೆ. ಸರ್ಟಿಫಿಕೇಟುಗಳಲ್ಲಿ ನಾಲ್ಕು ವರ್ಣ. ಒಂದನೇ ನಮೂನೆ ಅಂತಾರಾಷ್ಟ್ರೀಯ, ಎರಡನೆಯದು ರಾಷ್ಟ್ರೀಯ, ಮೂರನೆಯದು ಅಂತರ ವಿಶ್ವವಿದ್ಯಾಲಯ, ನಾಲ್ಕನೆಯದು ಶಾಲಾ ಕ್ರೀಡಾಕೂಟ. ಸರ್ಕಾರಿ ನೌಕರಿಯ ಕ್ರೀಡಾ ಕೋಟಾಕ್ಕೂ ಇದೇ ಆಧಾರ. ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗಿನಲ್ಲಿ ಕ್ರೀಡಾಪಟುಗಳಿಗೆಂದು 500 ಸೀಟು ಮೀಸಲಿವೆ. ಕರ್ನಾಟಕದಲ್ಲೂ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಇರಬೇಕಾದ್ದೇ. ಆದರೆ ಎರಡು ಕಡೆಯೂ ತೂಗುವುದು ಹಾಳೆಯನ್ನು. ಹುಡುಗ ಎರಡು ವರ್ಷದ ಹಿಂದೆ ಯಾವ ಬಸ್ಸಿನಲ್ಲಿ ಕೂತು ಯಾವ ಊರಿಗೆ ಹೋಗಿ ಬಂದ ಎಂಬುದು ಹಾಳೆಯಲ್ಲಿದೆ. ಹದಿನೆಂಟು ಜನರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಒಂದು ನಿಮಿಷವೂ ಆಡದೆ ಬೆಂಚು ಬಿಸಿ ಮಾಡಿದವನಿಗೂ ಅದೇ ಹಾಳೆ, ಅದೇ ಅಂಕ.

ಹೀಗಾಗಿ ಒಂದು ಹೊಸ ತಳಿ ಹುಟ್ಟಿಕೊಂಡಿದೆ: ಕಾಗದದ ಆಟಗಾರ. ಇವನು ಪ್ಲಸ್ ಟೂ ಓದುವಾಗ ಇದ್ದಕ್ಕಿದ್ದಂತೆ ಕ್ರೀಡಾಪ್ರೇಮಿಯಾಗುತ್ತಾನೆ. ಸೀಟು ಸಿಕ್ಕಿದ ಮರುದಿನ ಮಂಡಿನೋವು ಶುರು. ನಾಲ್ಕು ವರ್ಷ ಗುಣವಾಗದ ಮಂಡಿನೋವು. ಕ್ಯಾಂಪಸ್ ಸಂದರ್ಶನದ ದಿನ ಮಾತ್ರ ಮೆಟ್ಟಿಲು ಹಾರಿ ಹಾರಿ ಹತ್ತುತ್ತಾನೆ.

ನಿಜವಾಗಿ ಆಡುವವನ ಬಳಿ ಹಾಳೆ ಇರುವುದಿಲ್ಲ. ಜಿಲ್ಲಾ ಮಟ್ಟದ ಪಂದ್ಯದ ದಿನ ಅವನು ಅಪ್ಪನ ಜೊತೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಆ ರಜೆಯಲ್ಲಿ ಕೂಲಿ ಸಿಗುತ್ತಿತ್ತು. ಈ ಕಾರಣಕ್ಕೆ ಯಾವ ನಮೂನೆಯೂ ಇಲ್ಲ.

ಈಗ ಹಲ್ಲಿನ ವಿಷಯಕ್ಕೆ ಬರೋಣ. ಎತ್ತಿನ ವಯಸ್ಸು ಹಲ್ಲು ಹೇಳುತ್ತದೆ. ಹುಡುಗನ ವಯಸ್ಸು ಹೆಡ್‌ಮಾಸ್ಟರ್ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿಗೆ ತಲೆಮಾರೇ ಜೂನ್ 1ರಂದು ಹುಟ್ಟಿದೆ. ಕರ್ನಾಟಕದ ಗಡಿಯ ಈಚೆಗೂ ಅದೇ, ಆಚೆಗೂ ಅದೇ. ಶಾಲೆಗೆ ಸೇರಿಸುವಾಗ ಅನುಕೂಲವಾಗಲೆಂದು ಮೇಷ್ಟ್ರು ಬರೆದ ದಿನಾಂಕ. ಅದು ಹಳೆಯ, ನಿರಪರಾಧಿ ಸುಳ್ಳು.

ಹೊಸ ಸುಳ್ಳು ನಿರಪರಾಧಿಯಲ್ಲ. ಅದಕ್ಕೆ ಲೆಕ್ಕಾಚಾರವಿದೆ. ಕಿರಿಯರ ಫುಟ್‌ಬಾಲಿನಲ್ಲಿ ವಯಸ್ಸಿನ ಗಡಿ ಜನವರಿ 1. ಎರಡು ವರ್ಷ ಕಡಿಮೆ ಬರೆಸಿದರೆ ಹದಿನೇಳರ ಒಳಗಿನವರ ತಂಡದಲ್ಲಿ ಹತ್ತೊಂಬತ್ತರ ಗಂಡಸು ಆಡಬಹುದು. ಮೀಸೆ ಬೋಳಿಸಿಕೊಂಡು ಬಂದ ‘ಬಾಲಕ’ ಹದಿನಾರರ ಮಗುವನ್ನು ಭುಜದಿಂದ ನೂಕಿ ಗೋಲು ಹೊಡೆಯುತ್ತಾನೆ. ಗ್ಯಾಲರಿ ಚಪ್ಪಾಳೆ ತಟ್ಟುತ್ತದೆ. ಸಮಿತಿ ‘ಒಳ್ಳೇ ಪವರ್ ಇದೆ’ ಎಂದು ಬರೆದುಕೊಳ್ಳುತ್ತದೆ. ಆ ಪವರು ಆಟದ್ದಲ್ಲ, ಎರಡು ವರ್ಷ ಹೆಚ್ಚು ಉಂಡ ಅನ್ನದ್ದು.

ಜಗತ್ತು ಇದಕ್ಕೆ ಮದ್ದು ಹುಡುಕಿದೆ. ಫಿಫಾ 2009ರಿಂದ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತಿದೆ. ನಮ್ಮ ಕ್ರಿಕೆಟ್ ಮಂಡಳಿ ಹದಿನಾರರ ಒಳಗಿನವರಿಗೆ ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಲೆಕ್ಕ ಹಾಕುತ್ತದೆ. ಅಂದರೆ ದೊಡ್ಡವರು ಕೊನೆಗೂ ಸಂತೆಯ ರೈತನ ದಾರಿಗೇ ಬಂದರು: ಮಾಲೀಕನ ಮಾತು ನಂಬಬೇಡ, ಮೂಳೆ ಕೇಳು. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಮಣಿಕಟ್ಟಿನ ಮೂಳೆ ಪೂರ್ತಿ ಬೆಸೆದುಕೊಂಡ ಮೇಲೆ ಅದು ಏನನ್ನೂ ಹೇಳುವುದಿಲ್ಲ. ಹುಡುಗ ಕಾಲೇಜಿಗೆ ಬರುವ ಹೊತ್ತಿಗೆ ಬಾಯಿಗೂಡಿರುತ್ತದೆ. ಶಾಲೆಯಲ್ಲಿ ಮೋಸದಿಂದ ಗಳಿಸಿದ ಹಾಳೆ ಕಾಲೇಜಿನಲ್ಲಿ ಶುದ್ಧ ಚಿನ್ನ.

ಮೋಸವೇ ಇಲ್ಲದೆ ನಡೆಯುವ ಅನ್ಯಾಯವೂ ಇದೆ. ಅದನ್ನು ಯಾರೂ ಗಮನಿಸುವುದಿಲ್ಲ. ಗಡಿ ಜನವರಿ 1 ಆದಾಗ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹನ್ನೊಂದು ತಿಂಗಳು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಬೆರಳು ಎತ್ತರ. ಕೆನಡಾದಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರು 1985ರಲ್ಲೇ ಇದನ್ನು ತೋರಿಸಿದರು. ಅಲ್ಲಿನ ಐಸ್ ಹಾಕಿ ತಂಡಗಳ ತುಂಬ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ಕೊನೆಯ ಮೂರು ತಿಂಗಳವರು ತೀರ ಕಡಿಮೆ. ಪ್ರತಿಭೆ ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲ. ಆರಿಸುವವರು ದೊಡ್ಡ ಹುಡುಗನನ್ನು ಒಳ್ಳೆಯ ಹುಡುಗ ಎಂದುಕೊಂಡರು, ಅಷ್ಟೇ. ಅವನಿಗೆ ಹೆಚ್ಚು ತರಬೇತಿ ಸಿಕ್ಕಿತು, ಅವನು ನಿಜಕ್ಕೂ ಒಳ್ಳೆಯವನಾದ. ‘ನೋಡಿದಿರಾ, ನಾವು ಮೊದಲೇ ಹೇಳಿದ್ದೆವು’ ಎಂದರು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಈಗ ಕೆಲವು ಪಂದ್ಯಗಳಲ್ಲಿ ವಯಸ್ಸು ಬಿಟ್ಟು ದೇಹದ ಬೆಳವಣಿಗೆ ನೋಡಿ ಹುಡುಗರನ್ನು ಗುಂಪು ಮಾಡುತ್ತವೆ. ನಾವು? ನಾವು ಇನ್ನೂ ಜೂನ್ 1ರ ಹುಟ್ಟುಹಬ್ಬ ಆಚರಿಸುತ್ತಿದ್ದೇವೆ.

ಸಂತೆಯ ರೈತನೇನೂ ಪರಮ ವಿಚಾರವಾದಿಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅವನು ಸುಳಿ ನೋಡುತ್ತಾನೆ. ಕೆಟ್ಟ ಸುಳಿ ಇದ್ದರೆ ಎಂಥ ಗಟ್ಟಿ ಎತ್ತಾದರೂ ಮುಟ್ಟುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಸಮಿತಿಗಳು ಅವನ ಶಿಷ್ಯರು. ಸುಳಿ ಇರುವುದು ಅರ್ಜಿಯ ಮೇಲೆ. ಯಾರ ಮಗ. ಯಾರಿಂದ ಫೋನ್ ಬಂತು. ಯಾವ ಪಕ್ಷದ ಒಕ್ಕೂಟ ಕಾರ್ಯದರ್ಶಿಯ ಪತ್ರ. ಊರಿನ ಹೆಸರು ಕೇಳಿ, ಆಮೇಲೆ ಬೀದಿಯ ಹೆಸರು ಕೇಳುತ್ತಾರಲ್ಲ, ಆ ಬೀದಿಯ ಪ್ರಶ್ನೆ ಯಾಕೆಂದು ಕೇಳಿದವನಿಗೂ ಗೊತ್ತು, ಉತ್ತರಿಸಿದವನಿಗೂ ಗೊತ್ತು.

ಮನೆಯಲ್ಲಿ ಕನ್ನಡ ಆಡುವ ನಮ್ಮ ಹುಡುಗರಿಗೆ ಇನ್ನೊಂದು ಸುಳಿ. ಇಲ್ಲಿ ‘ನೀನು ಕನ್ನಡದವನಾ?’ ಎನ್ನುತ್ತಾರೆ. ಬೆಂಗಳೂರಿಗೆ ಹೋದರೆ ‘ನೀನು ತಮಿಳುನಾಡಿನವನಾ?’ ಎನ್ನುತ್ತಾರೆ. ಚೆಂಡಿಗೆ ಭಾಷೆಯಿಲ್ಲ ಎಂದು ಎರಡೂ ಕಡೆಯ ವೇದಿಕೆಗಳಲ್ಲಿ ಭಾಷಣ ಇರುತ್ತದೆ.

ಬೆಂಗಳೂರಿನ ಹೆಸರು ಬಂತು. ಆ ಊರಿಗೆ ಫುಟ್‌ಬಾಲ್ ಕೊಟ್ಟವು ಯಾವ ಬೀದಿಗಳು ಗೊತ್ತೇ? ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್. ತಮಿಳು ಗಿಜಿಗುಡುವ ಗಲ್ಲಿಗಳು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತ ಹೊಡೆದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಬಂದ ಎರಡು ಪೆನಾಲ್ಟಿಯನ್ನೂ ಕಳೆದುಕೊಂಡು 2-1ರಿಂದ ಸೋತರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಇವತ್ತಿನ ಕಾಲೇಜು ಆಯ್ಕೆಗೆ ಬರಿಗಾಲಲ್ಲಿ ಹೋಗಿ ನೋಡಿ. ‘ಸ್ಟಡ್ ಇಲ್ವಾ? ಡಿಸಿಪ್ಲಿನ್ ಇಲ್ಲ’ ಎಂದು ಗೇಟಿನಲ್ಲೇ ತಿರುಗಿಸುತ್ತಾರೆ.

ಆ ಕಾಲದಲ್ಲೂ ಅನ್ಯಾಯ ಇರಲಿಲ್ಲವೆಂದಲ್ಲ. ಆದರೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ಸ್ವಂತ ತಂಡಗಳಿದ್ದವು. ಆಡುವವನಿಗೆ ನೌಕರಿ. ಲೀಗ್ ಪಂದ್ಯ ವರ್ಷವಿಡೀ. ಹುಡುಗನನ್ನು ಒಂದು ದಿನ ನೋಡಿ ತೀರ್ಪು ಕೊಡುವ ಅಗತ್ಯವೇ ಇರಲಿಲ್ಲ. ಅವನು ವಾರ ವಾರವೂ ಎಲ್ಲರ ಕಣ್ಣೆದುರು ಆಡುತ್ತಿದ್ದ. ಆಗಿನ ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಕರ್ನಾಟಕ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದಿನಲ್ಲಿ, ಮೇಘಾಲಯದ ಎದುರು 3-2. ನಡುವೆ 54 ವರ್ಷ. ಆ 54 ವರ್ಷವೂ ಆಯ್ಕೆ ಸಮಿತಿಗಳು ಸಭೆ ಸೇರುತ್ತಲೇ ಇದ್ದವು. ಭತ್ಯೆ ಬಾಕಿ ಉಳಿದ ದಾಖಲೆಯಿಲ್ಲ.

ದೂರ ಯಾಕೆ, ನಮ್ಮ ಸೇಲಂ ಜಿಲ್ಲೆಯನ್ನೇ ನೋಡಿ. ಚಿನ್ನಪ್ಪಂಪಟ್ಟಿಯ ಕ್ರಿಕೆಟಿಗ ಟಿ. ನಟರಾಜನ್. ಕೂಲಿಯವರ ಮಗ, ತಾಯಿಯದು ರಸ್ತೆ ಬದಿಯ ಕೋಳಿ ಅಂಗಡಿ. ಇಪ್ಪತ್ತರ ಹತ್ತಿರದವರೆಗೂ ಟೆನಿಸ್ ಬಾಲ್. ಅವನ ಯಾರ್ಕರ್ ಕಂಡು ಚೆನ್ನೈಗೆ ಹೋಗೆಂದು ದುಂಬಾಲು ಬಿದ್ದವರು ಅದೇ ಊರಿನ ಹಿರಿಯ ಆಟಗಾರ ಜಯಪ್ರಕಾಶ್. ಅವರಿಗೆ ಲೆಟರ್‌ಹೆಡ್ ಇರಲಿಲ್ಲ. ಮುಖ್ಯ ಅತಿಥಿ ಇರಲಿಲ್ಲ. ಕಣ್ಣಿತ್ತು. 2015ರಲ್ಲಿ ರಣಜಿಗೆ ಕಾಲಿಟ್ಟ ಕೂಡಲೇ ನಟರಾಜನ್ ಬೌಲಿಂಗ್ ಶೈಲಿ ಅನುಮಾನಾಸ್ಪದ ಎಂದು ವರದಿಯಾಯಿತು. ತಿದ್ದಿಕೊಂಡು ಬಂದ. 2017ರ ಐಪಿಎಲ್ ಹರಾಜಿನಲ್ಲಿ ಮೂರು ಕೋಟಿ. 2020-21ರ ಆಸ್ಟ್ರೇಲಿಯಾ ಪ್ರವಾಸ ಮುಗಿಯುವ ಹೊತ್ತಿಗೆ, ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗೆ ಪದಾರ್ಪಣೆ ಮಾಡಿದ ಮೊದಲ ಭಾರತೀಯ.

ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಇನ್ನೂ ದೊಡ್ಡ ಕಪಾಳಮೋಕ್ಷ. ಐದನೇ ವಯಸ್ಸಿನಲ್ಲಿ ಬಸ್ಸಿಗೆ ಸಿಕ್ಕಿ ಬಲಗಾಲು ಜಜ್ಜಿಹೋಯಿತು. ತಾಯಿ ತರಕಾರಿ ಮಾರುತ್ತಿದ್ದರು. ಎತ್ತರ ಜಿಗಿತಕ್ಕೆ ಹಚ್ಚಿದ್ದು ಶಾಲೆಯ ಪಿ.ಟಿ. ಮೇಷ್ಟ್ರು. ಕೈಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋಗಿ ತಯಾರು ಮಾಡಿದವರು ಕೋಚ್ ಸತ್ಯನಾರಾಯಣ. 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ 1.89 ಮೀಟರ್, ಚಿನ್ನ. ಟೋಕಿಯೊದಲ್ಲಿ ಬೆಳ್ಳಿ. ಪ್ಯಾರಿಸಿನಲ್ಲಿ ಕಂಚು.

ಇಬ್ಬರ ಹೆಸರಲ್ಲೂ ಈಗ ಹೆದ್ದಾರಿಯುದ್ದಕ್ಕೂ ಫ್ಲೆಕ್ಸ್ ಏಳುತ್ತವೆ. ‘ನಮ್ಮ ಮಣ್ಣಿನ ಮಗ.’ ಗೆದ್ದ ಮೇಲೆ ಎಲ್ಲರಿಗೂ ಮಗನೇ. ಗೆಲ್ಲುವ ಮೊದಲು ಯಾರ ಪಟ್ಟಿಯಲ್ಲೂ ಹೆಸರಿರಲಿಲ್ಲ. ಫ್ಲೆಕ್ಸಿನಲ್ಲಿ ಆಟಗಾರನ ಮುಖ ಅಂಚೆಚೀಟಿಯಷ್ಟು. ಅಭಿನಂದಿಸುವವರ ಮುಖ ಬಾಗಿಲಿನಷ್ಟು.

ನಟರಾಜನ್ ಮಾಡಿದ ಒಂದು ಕೆಲಸ ಮಾತ್ರ ನನಗೆ ಮಾತು ಮರೆಸುತ್ತದೆ. ತನ್ನೂರಿನಲ್ಲೇ ಒಂದು ಕ್ರಿಕೆಟ್ ಮೈದಾನ ಕಟ್ಟಿಸಿದ. 2023ರಲ್ಲಿ ಉದ್ಘಾಟನೆಯೂ ಆಯಿತು. ಕೋಟಿಗಟ್ಟಲೆ ಶುಲ್ಕ ಎತ್ತುವ ಸಂಸ್ಥೆಗಳು ಇರುವ ಮೈದಾನದ ಮೇಲೆ ಹೊಸ ಬ್ಲಾಕ್ ಕಟ್ಟುತ್ತಿರುವಾಗ.

ಹೆಣ್ಣುಮಕ್ಕಳ ಆಯ್ಕೆಯ ಬಗ್ಗೆ ಬರೆಯಬೇಕೆಂದರೆ ಆಯ್ಕೆ ನಡೆಯಬೇಕಲ್ಲ. ತಮಿಳುನಾಡಿನ ಮಹಿಳೆಯರು 2018ರಲ್ಲಿ ಮಣಿಪುರವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು. 2023ರಲ್ಲಿ ಹರಿಯಾಣವನ್ನು ಸೋಲಿಸಿ ಮತ್ತೆ ಆದರು. ಮದುರೆಯ ಸೇತು ಎಫ್‌ಸಿ 2019ರಲ್ಲಿ ಭಾರತೀಯ ಮಹಿಳಾ ಲೀಗ್ ಗೆದ್ದಿತು. ಇಷ್ಟಾದ ಮೇಲೂ ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಹುಡುಗಿಯರ ತಂಡ ಕಟ್ಟುವ ರೀತಿ ಹೀಗೆ: ಟೂರ್ನಮೆಂಟಿನ ಹಿಂದಿನ ವಾರ ಕ್ಲಾಸಿಗೆ ಬಂದು ‘ಯಾರ್ಯಾರ ಮನೆಯಲ್ಲಿ ಕಳಿಸ್ತಾರೆ, ಕೈ ಎತ್ತಿ.’ ಕೈ ಎತ್ತಿದವರೇ ತಂಡ.

ಅಮೆರಿಕದ ಕಾಲೇಜುಗಳನ್ನು ತೋರಿಸಿ ‘ಅಲ್ಲಿ ನೋಡಿ’ ಎನ್ನುವವರಿದ್ದಾರೆ. ನೋಡೋಣ. ಅವರ ಫುಟ್‌ಬಾಲ್ ಬೇರೆ. ಕೈಯಲ್ಲಿ ಚೆಂಡು ಹಿಡಿದು ಓಡುವ, ತಲೆಗೆ ತಲೆ ಗುದ್ದುವ ಆಟ. ಅಲ್ಲಿ ಹೈಸ್ಕೂಲು ಹುಡುಗರಿಗೆ ಹೋಟೆಲುಗಳಿಗೆ ಕೊಟ್ಟಂತೆ ನಕ್ಷತ್ರ ಕೊಡುತ್ತಾರೆ. ಐದು ನಕ್ಷತ್ರದ ಹುಡುಗನ ಮನೆಗೆ ಕೋಚುಗಳು ಸಾಲುಗಟ್ಟಿ ಹೋಗುತ್ತಾರೆ. ಈ ವ್ಯವಸ್ಥೆಗೆ ಸುರಿಯುವ ದುಡ್ಡಿನಲ್ಲಿ ನಮ್ಮ ಜಿಲ್ಲೆಗೆ ಜಿಲ್ಲೆಯನ್ನೇ ಸಾಕಬಹುದು. ಆದರೂ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತನ ಮಗ ಜಾಶ್ ಆಲೆನ್‌ಗೆ ಹೈಸ್ಕೂಲು ಮುಗಿಸಿದಾಗ ಒಂದೇ ಒಂದು ದೊಡ್ಡ ಕಾಲೇಜಿನಿಂದಲೂ ಕರೆ ಬರಲಿಲ್ಲ. ಸಣ್ಣ ಕಾಲೇಜಿಗೆ ಹೋದ. ಅಲ್ಲಿಂದ ಕೋಚುಗಳಿಗೆ ಇ-ಮೇಲ್ ಮೇಲೆ ಇ-ಮೇಲ್ ಕಳಿಸಿದ. ವಯೋಮಿಂಗ್ ವಿಶ್ವವಿದ್ಯಾಲಯ ಕರೆಯಿತು. 2024ರ ಋತುವಿನಲ್ಲಿ ಅವನು ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರ.

ಅಷ್ಟು ದುಡ್ಡು, ಅಷ್ಟು ಕ್ಯಾಮೆರಾ ಇದ್ದೂ ಅವರು ಎಡವುತ್ತಾರೆ. ಹದಿನೇಳರ ಹುಡುಗ ಇಪ್ಪತ್ತೆರಡಕ್ಕೆ ಏನಾಗುತ್ತಾನೆಂದು ಬ್ರಹ್ಮನಿಗೂ ಗೊತ್ತಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಅವರು ನೋಡಿ ಎಡವುತ್ತಾರೆ. ಹುಡುಗನ ಒಂದಿಡೀ ಋತುವಿನ ಪಂದ್ಯಗಳ ದೃಶ್ಯ ನೋಡಿ ಎಡವುತ್ತಾರೆ. ನಾವು ನೋಡದೆಯೇ ಎಡವುತ್ತೇವೆ, ಆಮೇಲೆ ಪ್ರತಿಭೆ ಇಲ್ಲವೆಂದು ಹುಡುಗರನ್ನು ಬೈಯುತ್ತೇವೆ.

ನೋಡುವುದೆಂದರೆ ಏನು? ಇದರಲ್ಲಿ ರಹಸ್ಯವೇನೂ ಇಲ್ಲ. ಒಳ್ಳೆಯ ಪಿ.ಟಿ. ಮೇಷ್ಟ್ರನ್ನು ಕೇಳಿ, ಹೇಳುತ್ತಾರೆ. ಹುಡುಗನ ಕಾಲಿಗೆ ಚೆಂಡು ಬರುವ ಮೊದಲು ಅವನ ತಲೆ ಏನು ಮಾಡುತ್ತಿದೆ ನೋಡು. ಎಡಕ್ಕೆ ಬಲಕ್ಕೆ ಕಣ್ಣು ಹಾಯಿಸಿ ಯಾರೆಲ್ಲಿದ್ದಾರೆಂದು ಮೊದಲೇ ಗುರುತು ಮಾಡಿಕೊಂಡಿದ್ದಾನೋ, ಚೆಂಡು ಬಂದ ಮೇಲೆ ತಡಕಾಡುತ್ತಾನೋ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಪ್ರೀಮಿಯರ್ ಲೀಗ್ ಆಟಗಾರರ ಮೇಲೆ ಕ್ಯಾಮೆರಾ ಇಟ್ಟು ಇದನ್ನೇ ಎಣಿಸಿದರು. ಹೆಚ್ಚು ಸಲ ತಲೆ ತಿರುಗಿಸಿ ನೋಡಿದವರ ಪಾಸುಗಳೇ ಹೆಚ್ಚು ಸರಿಯಾಗಿ ಮುಟ್ಟುತ್ತಿದ್ದವು. ಇದಕ್ಕೆ ಎತ್ತರ ಬೇಕಿಲ್ಲ. ಸ್ಟಡ್ ಬೇಕಿಲ್ಲ. ನಾಲ್ಕನೇ ನಮೂನೆ ಬೇಕಿಲ್ಲ. ನೋಡುವವನ ತಲೆಯೂ ಫೋನಿನಿಂದ ಮೇಲೆ ಏಳಬೇಕು, ಅಷ್ಟೇ.

ಚೆಂಡು ಕಳೆದುಕೊಂಡ ಮರುಗಳಿಗೆ ಏನು ಮಾಡುತ್ತಾನೆ ನೋಡು. ಓಡಿ ಹಿಂದೆ ಬರುತ್ತಾನೋ, ರೆಫರಿಯನ್ನು ಬೈಯುತ್ತಾನೋ. ಎರಡು ಗೋಲು ಹಿಂದಿದ್ದಾಗ ನೋಡು. ಎಡಗಾಲಿಗೆ ಬಂದದ್ದನ್ನು ಏನು ಮಾಡುತ್ತಾನೆ ನೋಡು. ಮೊದಲ ದಿನ ಕಲಿಸಿದ್ದನ್ನು ಮೂರನೇ ದಿನ ಮಾಡುತ್ತಾನೋ ನೋಡು. ಕಲಿಯುವ ವೇಗವೇ ಮುಂದಿನ ಗುರುತು. ಇದು ಒಂದು ಬೆಳಗಿನಲ್ಲಿ ಕಾಣುವುದಿಲ್ಲ. ಒಂದು ವಾರ ಕೂರಬೇಕು. ಹನ್ನೊಂದು ಹನ್ನೊಂದು ಜನ ಬಿಟ್ಟು, ಪೂರ್ತಿ ಮೈದಾನದಲ್ಲಿ, ಮೂರ್ನಾಲ್ಕು ಪಂದ್ಯ ಆಡಿಸಬೇಕು. ಬಿಸಿಲಲ್ಲಿ ಕೂರಬೇಕು. ಸಮಿತಿ ಇಲ್ಲೇ ರಾಜೀನಾಮೆ ಕೊಡುತ್ತದೆ.

ಇಷ್ಟೆಲ್ಲ ದಾಟಿ ಒಬ್ಬ ನಿಜವಾದ ಆಟಗಾರ ಹೇಗೋ ನುಸುಳಿ ಪಟ್ಟಿ ಸೇರಿದನೆಂದು ಇಟ್ಟುಕೊಳ್ಳಿ. ಅವನ ಕತೆ ಇನ್ನೂ ಚೆಂದ. ಸೇರುವಾಗ ಹಾಸ್ಟೆಲ್ ಉಚಿತ ಎಂದಿರುತ್ತಾರೆ. ಸೇರಿದ ಮೇಲೆ ಹಾಸ್ಟೆಲ್ ಉಚಿತ, ಊಟಕ್ಕೆ ಮಾತ್ರ ದುಡ್ಡು. ದಿನಕ್ಕೊಂದು ಮೊಟ್ಟೆ ಕೇಳಿದರೆ ಬಜೆಟ್ ಇಲ್ಲ. ಇದು ಮೊಟ್ಟೆಗೆ ಹೆಸರಾದ ನಾಮಕ್ಕಲ್ಲಿನ ನೆರೆಹೊರೆ ಎಂಬುದು ನೆನಪಿರಲಿ. ಟ್ರ್ಯಾಕ್‌ಸೂಟ್ ಒಂದು, ಮೂರು ವರ್ಷಕ್ಕೆ. ಅದರ ಬೆನ್ನಿನ ಮೇಲೆ ಕಾಲೇಜಿನ ಹೆಸರು ದೂರದ ಬಸ್‌ಸ್ಟಾಪಿಗೂ ಕಾಣುವಷ್ಟು ದೊಡ್ಡದು.

ಟೂರ್ನಮೆಂಟಿಗೆ ಹೋಗಿ ಕಪ್ಪು ತರಬೇಕು. ಹೋಗಿ ಬಂದರೆ ಹಾಜರಾತಿ ಎಪ್ಪತ್ತೈದಕ್ಕಿಂತ ಕಡಿಮೆ. ಕಪ್ಪು ಪ್ರಾಂಶುಪಾಲರ ಕೋಣೆಯ ಗಾಜಿನ ಕಪಾಟಿಗೆ, ದಂಡ ಹುಡುಗನ ಅಪ್ಪನಿಗೆ. ಮಂಡಿಯ ಲಿಗಮೆಂಟ್ ಹರಿದರೆ ಕೈಗೊಂದು ಸ್ಪ್ರೇ ಡಬ್ಬಿ. ವಿಮೆ ಇದೆಯೇ ಎಂದು ಕೇಳಬೇಡಿ. ಕೇಳಿದವನನ್ನು ‘ಆಟಿಟ್ಯೂಡ್ ಪ್ರಾಬ್ಲಂ’ ಎಂದು ಮುಂದಿನ ವರ್ಷ ತಂಡದಿಂದ ತೆಗೆದಿರುತ್ತಾರೆ.

ಹಾಗಾದರೆ ಆಟಗಾರರನ್ನು ಸೇರಿಸಿಕೊಳ್ಳುವುದೇಕೆ? ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಬರುತ್ತದೆ. ಮೌಲ್ಯಮಾಪನದ ಐದನೇ ಮಾನದಂಡ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಅದರಡಿ ಕ್ರೀಡಾ ಪದಕ, ಪ್ರಶಸ್ತಿಗಳಿಗೆ ಅಂಕ. ನ್ಯಾಕ್ ತಂಡ ಬರುವ ವಾರ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಗೋಲ್ ಕಂಬಕ್ಕೆ ಬಲೆ ಬರುತ್ತದೆ. ತಂಡ ಹೋದ ಮರುದಿನ ಬಲೆ ಸ್ಟೋರ್ ರೂಮಿಗೆ, ಕಾಲೇಜು ಬಸ್ಸುಗಳು ಮೈದಾನಕ್ಕೆ.

ನಾನು ಸಿನಿಕ ಎನ್ನುವವರು ಅನ್ನಲಿ. ಆಟಗಾರ ಕೆಟ್ಟವನಾದರೆ ತಪ್ಪು ಅವನ ಮೈಯಲ್ಲಿ ಕಾಣುತ್ತದೆ; ಎಲ್ಲರೂ ಬೈಯುತ್ತಾರೆ. ಆರಿಸಿದವನು ಕೆಟ್ಟವನಾದರೆ ಎಲ್ಲಿ ಕಾಣುತ್ತದೆ? ಹತ್ತು ವರ್ಷದಲ್ಲಿ ಅವನು ಆರಿಸಿದ ನೂರು ಹುಡುಗರಲ್ಲಿ ಎಷ್ಟು ಜನ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದರು, ಎಷ್ಟು ಜನ ಮೊದಲ ವರ್ಷವೇ ಬಿಟ್ಟರು, ಅವನು ತಿರಸ್ಕರಿಸಿದವರಲ್ಲಿ ಎಷ್ಟು ಜನ ಬೇರೆ ಕಾಲೇಜಿಗೆ ಹೋಗಿ ಅವನ ತಂಡಕ್ಕೇ ಗೋಲು ಹೊಡೆದರು? ಈ ಲೆಕ್ಕವನ್ನು ಯಾವ ಕಾಲೇಜಾದರೂ ಗೋಡೆಗೆ ಅಂಟಿಸಿದ್ದನ್ನು ನಾನು ನೋಡಿಲ್ಲ. ಹುಡುಗರ ಓಟಕ್ಕೆ ಸ್ಟಾಪ್‌ವಾಚು ಹಿಡಿಯುವವರ ಕೆಲಸಕ್ಕೆ ಯಾರೂ ಸ್ಟಾಪ್‌ವಾಚು ಹಿಡಿಯುವುದಿಲ್ಲ.

ನೀವು ಹಿಡಿಯಬಹುದು. ನಿಮ್ಮ ಮಗನನ್ನೋ ಮಗಳನ್ನೋ ಆಯ್ಕೆಗೆ ಕಳಿಸಿದ್ದೀರಾ? ಜೊತೆಗೆ ಹೋಗಿ. ಕೊನೆಯವರೆಗೂ ಕೂತಿರಿ. ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ಯಾರು ಕಾಫಿ ಕುಡಿದರು, ಬರೆದುಕೊಳ್ಳಿ. ಪಟ್ಟಿ ಬಂದ ಮೇಲೆ ಅಂಕಪಟ್ಟಿ ಕೇಳಿ. ಸರ್ಕಾರಿ, ಅನುದಾನಿತ ಕಾಲೇಜಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ: ಪ್ರತಿ ಹುಡುಗನಿಗೆ ಯಾವ ಸದಸ್ಯ ಎಷ್ಟು ಅಂಕ ಕೊಟ್ಟ, ಯಾವ ಕಾರಣಕ್ಕೆ, ಸಮಿತಿ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಎದ್ದಿತು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಉತ್ತರ ಕೊಡಲು ಅವರಿಗಿರುವುದು 30 ದಿನ.